ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ (ಚಿಕ್ಕಬಳ್ಳಾಪುರ): ನಮ್ಮ ತಾಯಿಯವರು ಮೊದಲ ಬಾರಿಗೆ ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಾರೆ. ದೂರವೆಷ್ಟು? ಟಿಕೆಟ್‌ನಲ್ಲಿ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವಂತೆ ನಮೂದಾಗಿದೆ. ಇದು ಹೇಗೆ ಸಾಧ್ಯ?

ಉತ್ತರ 1: ಅತ್ಯಂತ ಹತ್ತಿರದ ದಾರಿಯಲ್ಲಿ ಅಳೆದರೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ತಡೆರಹಿತ ಸೇವೆ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ವಿಮಾನವು ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾರಿ, ಸುಮಾರು 17 ಗಂಟೆಗಳಲ್ಲಿ ಇಲ್ಲಿಗೆ ಬಂದಿಳಿಯಿತು. ನಮ್ಮವರ ಈ ಸಾಧನೆ ನಿಜಕ್ಕೂ ಹೆಮ್ಮೆಯದು. ಗೋಡೆಯ ನಕ್ಷೆಯಲ್ಲಿ ಆ ದಾರಿ ಸುತ್ತಾಗಿ ಕಂಡರೂ, ಶಾಲೆಯ ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಧ್ರುವದ ಸಮೀಪದಲ್ಲೇ ಹಾದುಹೋಗುತ್ತದೆ.

ಉತ್ತರ 2: ಅಲ್ಲಿನ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ, ಇಳಿಯುವಾಗ ಇಲ್ಲಿ ಮರುದಿನ ಬೆಳಿಗ್ಗೆ 7, ಅಲ್ಲಿ ಅದೇ ದಿನ ಸಂಜೆ 5.30.

ಉತ್ತರ 3: ಟಿಕೆಟ್‌ನಲ್ಲಿ ನಡುವೆ ನಿಲುಗಡೆ ಇದೆಯೇ ಎಂದು ದಯವಿಟ್ಟು ನೋಡಿ, ಇದ್ದರೆ ಪ್ರಯಾಣ 20 ಗಂಟೆ ಮೀರುವುದುಂಟು. ತಾಯಿಯವರ ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ, ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.