ನೇವಾರರ ‘ಗುಠಿ’ಗೆ ಕನ್ನಡದಲ್ಲಿ ಏನನ್ನೋಣ? ಗೋಷ್ಠಿ, ದತ್ತಿ, ಉಂಬಳಿ...

ಎಲ್ಲರಿಗೂ ನಮಸ್ಕಾರ. ನೇಪಾಳದ ಪಾಟನ್ ನಗರದ ಬೌದ್ಧ ಆಚರಣೆಗಳ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಬರಹ ತಯಾರು ಮಾಡ್ತಿದ್ದೀನಿ. ಲಲಿತಪುರ ಅಂತಾರಲ್ಲ, ಕಾಠ್ಮಂಡು ಕಣಿವೆಯ ಮೂಲ ಜನ ನೇವಾರರು ಅವರ ಮಾತಲ್ಲಿ ಯಲ ಅಂತಾರೆ, ಅದೇ ಊರು. ಅಲ್ಲಿನ ಗುಡಿ, ಶಿಲ್ಪ, ಅರಮನೆ ಚೌಕದ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ, 1979ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ ಅದು. ನನಗೆ ಬೇಕಾಗಿರೋದು ತೇರು ಕಟ್ಟೋರು, ಪಾಠ ಓದೋರು, ಚಚಾ ಅನ್ನೋ ಬೌದ್ಧ ಪೂಜೆಯ ಹಾಡಿಗೆ ಕುಣಿಯೋರು, ಅವರ ಪವಿತ್ರ ಗುಂಲಾ ತಿಂಗಳಲ್ಲಿ ಬೆಳಗಿನ ಜಾವ ಎದ್ದು ಡೋಲು ಬಾರಿಸ್ಕೊಂಡು ಹೋಗೋರು, ಇವರೆಲ್ಲ ಹೇಗೆ ಇದನ್ನ ಉಳಿಸ್ಕೊಂಡು ಬಂದಿದ್ದಾರೆ ಅನ್ನೋದು. ಆದ್ರೆ ಮೊದಲ ಪುಟದಲ್ಲೇ ಒಂದು ಪದ ಅಡ್ಡ ಬಿದ್ದಿದೆ. ಗುಠಿ.

ಗುಠಿ ಅಂದ್ರೆ ಒಂದು ಕೆಲಸಕ್ಕೆ ಅಂತ ಕಟ್ಟಿಕೊಂಡ ಮನೆಗಳ ಗುಂಪು. ಅಪ್ಪನಿಂದ ಮಗನಿಗೆ ಸದಸ್ಯತ್ವ ಬರುತ್ತೆ, ವಯಸ್ಸಲ್ಲಿ ಹಿರಿಯನೇ ಯಜಮಾನ, ಅವನಿಗೆ ಥಕಾಲಿ ಅಂತಾರೆ, ಖರ್ಚು ನೋಡ್ಕೊಳೋ ಜವಾಬ್ದಾರಿ ವರ್ಷಕ್ಕೊಬ್ಬರ ಹಾಗೆ ಸರದಿ ಮೇಲೆ ತಿರುಗುತ್ತೆ, ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಕೂತು ಊಟ. ದೇವರ ಪೂಜೆಗೆ ಒಂದು ಗುಠಿ, ಭಜನೆಗೆ ಒಂದು, ಸಾವಿಗೂ ಒಂದು. ಆ ಸಾವಿನ ಗುಠಿಗೆ ಸಿ ಗುಠಿ ಅಂತಾರೆ, ಯಾರ ಮನೇಲಿ ಹೆಣ ಬಿದ್ರೂ ಪ್ರತಿ ಮನೆಯಿಂದ ಒಬ್ಬ ಬರಲೇಬೇಕು, ಬರದಿದ್ರೆ ದಂಡ. ಇಷ್ಟೇ ಆಗಿದ್ರೆ ಸಂಘ ಅಂತ ಬರೆದು ಮುಂದೆ ಹೋಗ್ತಿದ್ದೆ, ಆದ್ರೆ ಗುಠಿ ಅಂದ್ರೆ ಆ ಕೆಲಸಕ್ಕೆ ಬಿಟ್ಟ ಭೂಮಿ ಕೂಡ ಹೌದು. ಜನಕ್ಕೂ ಜಮೀನಿಗೂ ಒಂದೇ ಹೆಸರು.

ಪದದ ಮೂಲ ನೋಡಿದ್ರೆ ನಮಗೆ ಚೆನ್ನಾಗಿ ಗೊತ್ತಿರೋದೇ, ಸಂಸ್ಕೃತದ ಗೋಷ್ಠಿ. ಕಾಠ್ಮಂಡು ಕಣಿವೆಯ ಲಿಚ್ಛವಿ ರಾಜರ ಕಾಲದ ಶಾಸನಗಳಲ್ಲೇ ಗೋಷ್ಠಿಕರ, ಅಂದ್ರೆ ಗೋಷ್ಠಿಯ ಸದಸ್ಯರ, ಪ್ರಸ್ತಾಪ ಇದೆ. ನಮ್ಮಲ್ಲಿ ಇವತ್ತು ಗೋಷ್ಠಿ ಅಂದ ಕೂಡ್ಲೆ ಕಣ್ಣಮುಂದೆ ಬರೋದು ವೇದಿಕೆ, ಬ್ಯಾನರು, ವಿಚಾರಗೋಷ್ಠಿ, ಕವಿಗೋಷ್ಠಿ, ಪತ್ರಿಕಾಗೋಷ್ಠಿ, ಸಂಜೆ ಆಗೋಷ್ಟರಲ್ಲಿ ಮುಗಿದು ಹೋಗೋವಂಥದ್ದು. ಆದ್ರೆ ಹಳಗನ್ನಡದ ಗೊಟ್ಟಿಗೆ ಬೇರೆ ತೂಕ ಇತ್ತು, ಪಂಪನ ‘ಗೇಯದ ಗೊಟ್ಟಿ’ ಎಲ್ಲರಿಗೂ ನೆನಪಿರುತ್ತೆ, ಅಲ್ಲಿ ಅದು ಕೂಡಿ ಅನುಭವಿಸೋ ಕೂಟ. ವಾದ್ಯಗೋಷ್ಠಿಯಲ್ಲಿ ಆ ಅರ್ಥ ಇನ್ನೂ ಸ್ವಲ್ಪ ಉಳ್ಕೊಂಡಿದೆ. ಮೇಲುಕೋಟೆಯಲ್ಲಿ, ಬೇರೆ ಶ್ರೀವೈಷ್ಣವ ದೇವಸ್ಥಾನಗಳಲ್ಲಿ ಆಳ್ವಾರರ ದಿವ್ಯಪ್ರಬಂಧ ಹೇಳೋರ ಗುಂಪಿಗೆ ಇವತ್ತಿಗೂ ಗೋಷ್ಠಿ ಅಂತಲೇ ಅಂತಾರಲ್ಲ, ನನಗೆ ಗುಠಿಗೆ ತೀರಾ ಹತ್ತಿರ ಅನ್ಸಿದ್ದು ಅದೇ. ಹಾಗಂತ ಗೋಷ್ಠಿ ಅಂತ ಬರೆದುಬಿಟ್ರೆ ಓದುಗರು ಏನಂದ್ಕೋತಾರೆ? ಪಾಟನ್ನಿನಲ್ಲಿ ಏನೋ ಸೆಮಿನಾರು ನಡೀತಿದೆ ಅಂತ ಓದ್ಕೊಂಡು ಹೋದ್ರೆ ಕೆಲಸ ಕೆಟ್ಟಿತು.

ಕರಾವಳಿಯವರಿಗೆ ಒಂದು ಮಾತು, ಗುತ್ತು-ಗುಠಿ ಕಿವಿಗೆ ಹತ್ತಿರ ಇದೆ ಅಂತ ದಯವಿಟ್ಟು ಎರಡನ್ನೂ ಗಂಟು ಹಾಕ್ಬೇಡಿ. ಗುತ್ತು ಒಂದು ಮನೆತನದ ಅಧಿಕಾರ, ಗುಠಿ ಹಲವು ಮನೆಗಳ ಸರದಿ.

ಗುಠಿ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಪಾಟನ್ನಿನ ಬುಂಗದ್ಯಃ ದೇವರ ಜಾತ್ರೆಯನ್ನೇ ತಗೊಳ್ಳಿ. ಹೊರಗಿನೋರು ರಾತೋ ಮಚ್ಛೀಂದ್ರನಾಥ ಅಂತಾರೆ, ಬೌದ್ಧರಿಗೆ ಕರುಣಾಮಯ ಲೋಕೇಶ್ವರ, ಮಳೆ ದೇವರು. ಹತ್ತಿರ ಹತ್ತಿರ ಅರವತ್ತು ಅಡಿ ಎತ್ತರದ ತೇರು, ನಾಲ್ಕೂ ಗಾಲಿ ಮೇಲೆ ಕಣ್ಣು ಬರೆದಿರ್ತಾರೆ, ಮುಂದಕ್ಕೆ ಚಾಚಿ ಬಾಗಿರೋ ಮರದ ತುದೀಲಿ ಭೈರವನ ಮುಖ, ಮೇಲೆ ಪೂರ್ತಿ ಬೆತ್ತ ಸುತ್ತಿ ಹಸಿರು ಸೊಪ್ಪು ಕಟ್ಟಿದ ಶಿಖರ, ಎಳೆದಾಗ ಅದು ಒಂದು ಕಡೆ ವಾಲೋದು ನೋಡಿದ್ರೆ ಎದೆ ಝಲ್ ಅನ್ನುತ್ತೆ. ಮರದ ಕೆಲಸ ಬರಾಹಿಗಳದ್ದು, ಬೆತ್ತ-ಹಗ್ಗದ ಕೆಲಸ ಯಂಗ್ವಾಲರದ್ದು, ಗಾಲಿ ಪಕ್ಕದಲ್ಲೇ ಓಡ್ತಾ ಕೊರಡು ಕೊಟ್ಟು ತೇರು ನಿಲ್ಸೋರು ಘಃಖುಗಳು, ಪೂಜೆ ಪಾಟನ್ ಹತ್ತಿರದ ಬುಂಗಮತಿ ಊರಿನ ಪಾಂಜುಗಳದ್ದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ. ಇದಕ್ಕೆಲ್ಲ ನಮ್ಮ ಕಡೆ ಪದ ಇದೆ ಅಂತ ಗೊತ್ತು, ಬಳ್ಳಾರಿ-ಕೊಪ್ಪಳದ ಕಡೆ ಮಿಣಿ, ಸನ್ನೆ ಹಾಕೋದು ಅಂತಾರೆ, ಕುಕ್ಕೆ ಸುಬ್ರಹ್ಮಣ್ಯದಲ್ಲಂತೂ ಮಲೆಕುಡಿಯರು ಕಾಡಿಂದ ಬೆತ್ತ ತಂದು ಬ್ರಹ್ಮರಥ ಕಟ್ತಾರೆ, ಎಳೆಯೋದೂ ಬೆತ್ತದಲ್ಲೇ. ಹಾಗಾಗಿ ‘ರಥ ನಿರ್ಮಾಣ’ ಅಂತ ಬರೆಯೋಕೆ ನನಗೆ ಮನಸ್ಸೇ ಬರ್ತಿಲ್ಲ, ‘ತೇರು ಕಟ್ಟೋದು’ ಅನ್ನೋದ್ರಲ್ಲಿ ಆ ಕೈಕೆಲಸ ಕಾಣುತ್ತೆ. ಗಾಲಿ ಕೆಳಗೆ ಕೊಡೋ ಆ ಕೊರಡಿಗೆ, ಅದನ್ನ ಹಿಡಿಯೋ ಮನುಷ್ಯನಿಗೆ ನಿಮ್ಮೂರಲ್ಲಿ ಏನಂತಾರೆ ತಿಳಿಸಿ, ಘಃಖುಗೆ ಅದನ್ನೇ ಹಾಕ್ತೀನಿ.

ಹನ್ನೆರಡು ವರ್ಷಕ್ಕೊಮ್ಮೆ ಈ ತೇರನ್ನ ಬುಂಗಮತಿಯಿಂದಲೇ ಎಳ್ಕೊಂಡು ಬರ್ತಾರೆ. 2015 ಅಂಥ ವರ್ಷ, ತೇರು ಹೊರಟಿತ್ತು, ಏಪ್ರಿಲ್ 25ಕ್ಕೆ ಭೂಕಂಪ. ಬುಂಗಮತಿಯ ದೇವಸ್ಥಾನ ನೆಲಕ್ಕೆ ಬಿತ್ತು. ತೇರು ದಾರೀಲೇ ತಿಂಗಳುಗಟ್ಟಲೆ ನಿಂತು ಆಮೇಲೆ ಮುಂದಕ್ಕೆ ಹೋಯ್ತು. ಕಲ್ಲು-ಇಟ್ಟಿಗೆಯ ಗುಡಿ ಬಿದ್ರೂ ಜಾತ್ರೆ ನಿಲ್ಲಲಿಲ್ಲ, ಯಾಕಂದ್ರೆ ಕಟ್ಟೋರು, ಎಳೆಯೋರು, ಪೂಜೆ ಮಾಡೋರು ಇದ್ರು. ಸಂರಕ್ಷಣೆ ಅಂದ್ರೆ ಮೊದಲು ಕಾಯ್ಬೇಕಾಗಿರೋದು ಗುಠಿಯನ್ನೇ ಅಂತ ನಾನು ಹಟ ಹಿಡಿಯೋದು ಇದಕ್ಕೇ, ವಿಡಿಯೋ ಮಾಡಿ ಇಟ್ಕೊಂಡ್ರೆ ಜಾತ್ರೆ ಉಳಿಯಲ್ಲ, ಬೆತ್ತ ಬಿಗಿಯೋ ಕೈ ಮುಂದಿನ ವರ್ಷಾನೂ ಬರ್ಬೇಕು, ಬರೋಕೆ ಅವನ ಮನೆಗೆ ಏನಾದ್ರೂ ಆಧಾರ ಇರ್ಬೇಕು.

ಆ ಆಧಾರನೇ ಭೂಮಿ. 1964ರಲ್ಲಿ ನೇಪಾಳ ಸರ್ಕಾರ ಗುಠಿ ಸಂಸ್ಥಾನ ಮಾಡಿ ರಾಜಗುಠಿಗಳ, ಅಂದ್ರೆ ಸರ್ಕಾರದ ಕೈಲಿರೋ ಗುಠಿಗಳ, ಜಮೀನಿನ ಆಡಳಿತ ಅದಕ್ಕೆ ವಹಿಸ್ತು, ಅದೇ ವರ್ಷ ಭೂಸುಧಾರಣೆಯೂ ಬಂತು, ಎಷ್ಟೋ ಗುಠಿಗಳ ಆದಾಯ ಅಲ್ಲಿಂದ ಸೊರಗ್ತಾ ಬಂತು. 2019ರ ಜೂನಲ್ಲಿ ಸರ್ಕಾರ ಹೊಸ ಗುಠಿ ಮಸೂದೆ ತಂದಾಗ ಕಾಠ್ಮಂಡುವಿನ ಮೈತಿಘರ್‌ನಲ್ಲಿ ಸಾವಿರಾರು ನೇವಾರರು ಬೀದಿಗೆ ಬಂದ್ರು, ಮಸೂದೆ ವಾಪಸ್ ಹೋಯ್ತು. ಈ ಭಾಗ ಬರೆಯುವಾಗ ನಮ್ಮ ಪದಗಳು ಸಲೀಸಾಗಿ ಬರ್ತಾವೆ, ದತ್ತಿ, ಉಂಬಳಿ, ಮಾನ್ಯ, ಇನಾಂ. ನಮ್ಮಲ್ಲೂ 1955ರ ಮೈಸೂರು ಕಾಯ್ದೆ ದೇವಸ್ಥಾನಗಳ ಇನಾಂ ರದ್ದು ಮಾಡ್ತು, ಬದಲಿಗೆ ತಸ್ತೀಕು ಅಂತ ಒಂದು ಮೊತ್ತ ಬರೋಕೆ ಶುರುವಾಯ್ತು, ಹಳ್ಳಿ ದೇವಸ್ಥಾನದ ಅರ್ಚಕರನ್ನ ಕೇಳಿದ್ರೆ ಆ ತಸ್ತೀಕಿನಲ್ಲಿ ಏನಾಗುತ್ತೆ ಅಂತ ಹೇಳ್ತಾರೆ. ಉಂಬಳಿ ಅಂದ್ರೆ ಊಳಿಗಕ್ಕೆ ಬಿಟ್ಟ ಭೂಮಿ ಅನ್ನೋದು ಓದುಗರಿಗೆ ತಕ್ಷಣ ಹೊಳೆಯುತ್ತೆ, ಆದ್ರೆ ಉಂಬಳಿ ಕೊಡೋನು ಮೇಲಿರ್ತಾನೆ, ತಗೊಳ್ಳೋನು ಕೆಳಗೆ. ಗುಠಿ ಜಮೀನು ಎಷ್ಟೋ ಕಡೆ ಮನೆತನಗಳೇ ತಮ್ಮದನ್ನ ಎತ್ತಿಟ್ಟಿದ್ದು, ಅದಕ್ಕೆ ದತ್ತಿ ಪರವಾಗಿಲ್ಲ ಅನ್ಸುತ್ತೆ. ಆದ್ರೆ ದತ್ತಿ ಅಂದ್ರೆ ದುಡ್ಡು-ಜಮೀನು ಬರುತ್ತೆ, ಜನ ಬರಲ್ಲ.

ಇನ್ನೊಂದು, ‘ಅಮೂರ್ತ ಪರಂಪರೆ’. ಯುನೆಸ್ಕೋದ 2003ರ ಒಡಂಬಡಿಕೆ ಬಂದಮೇಲೆ ಪತ್ರಿಕೆಗಳಲ್ಲಿ ಇದೇ ಓಡ್ತಿದೆ. ನನಗೆ ಇದು ಒಗ್ತಾ ಇಲ್ಲ. ಅಮೂರ್ತ ಅಂದ್ರೆ ನಮಗೆ ಅಮೂರ್ತ ಚಿತ್ರಕಲೆ, ಆಕಾರ ಇಲ್ಲದ್ದು, ಬರೀ ಕಲ್ಪನೆ. ಅರವತ್ತು ಅಡಿ ತೇರಿಗೆ ಕೈ ಬೊಕ್ಕೆ ಏಳೋ ಹಾಗೆ ಬೆತ್ತ ಬಿಗಿಯೋದು ಎಂಥ ಅಮೂರ್ತ? ಕರಾವಳಿಯ ‘ಕಟ್ಟುಕಟ್ಟಳೆ’ ಇಲ್ಲಾಂದ್ರೆ ‘ನಡ್ಕೊಂಡು ಬಂದ ಕಟ್ಟು’ ಅನ್ನೋದು ಎಷ್ಟೋ ಮೇಲು, ಅದ್ರಲ್ಲಿ ಮಾಡೋರು ಇದ್ದಾರೆ, ಮಾಡ್ಬೇಕು ಅನ್ನೋ ಹೊಣೆನೂ ಇದೆ. ತಲೆಬರಹದಲ್ಲಿ ಮಾತ್ರ ಅಮೂರ್ತ ಇಟ್ಟು ಒಳಗೆಲ್ಲ ಕಟ್ಟು ಅಂತ ಬಳಸೋ ಯೋಚನೆ ಇದೆ.

ಭಿಕ್ಷು ಪದವನ್ನ ಬಿಡ್ತಿದ್ದೀನಿ, ಇದರಲ್ಲಿ ಅನುಮಾನ ಇಲ್ಲ. ಬೌದ್ಧ ಅಂದ್ರೆ ನಮ್ಮವರಿಗೆ ಬೈಲಕುಪ್ಪೆಯ ಕೆಂಪು ಬಟ್ಟೆ ಲಾಮಾಗಳು. ಪಾಟನ್ನಿನ ಶಾಕ್ಯ, ವಜ್ರಾಚಾರ್ಯರು ಸಂಸಾರಸ್ಥರು, ಚಿಕ್ಕ ವಯಸ್ಸಲ್ಲಿ ತಲೆ ಬೋಳಿಸಿ ನಾಲ್ಕು ದಿನ ಸನ್ಯಾಸ ಕೊಟ್ಟು ಆಮೇಲೆ ಬಿಡಿಸ್ತಾರೆ, ಅದಾದ ಮೇಲೇ ಹುಡುಗ ತನ್ನ ವಿಹಾರಕ್ಕೆ, ಅವರ ಮಾತಲ್ಲಿ ಬಾಹಾಕ್ಕೆ, ಸದಸ್ಯ. ಪಾಟನ್ನಿನ ಕ್ವಾ ಬಾಹಾ ಅನ್ನೋ ವಿಹಾರದಲ್ಲಿ ಗರ್ಭಗುಡಿಯ ಸೇವೆ ಹನ್ನೆರಡು ತುಂಬದ ಹುಡುಗನದ್ದು, ತಿಂಗಳು ಕಳೆದ ಮೇಲೆ ಪಾಳಿ ಇನ್ನೊಬ್ಬನಿಗೆ. ಈ ಪಾಳಿ ಅನ್ನೋ ಪದ ನನಗೆ ತುಂಬಾ ಉಪಯೋಗಕ್ಕೆ ಬರ್ತಿದೆ.

ಲೋಕೇಶ್ವರ ಅನ್ನೋ ಹೆಸರನ್ನ ಹಾಗೇ ಇಟ್ಕೊಳ್ತೀನಿ, ಅದು ನಮಗೆ ಹೊಸದಲ್ಲ. ಮಂಗಳೂರಿನ ಕದ್ರಿಯಲ್ಲಿ ಆಳುಪರ ಕುಂದವರ್ಮ 968ರಲ್ಲಿ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ನಿಲ್ಲಿಸಿದ ಅಂತ ಅದರ ಪೀಠದ ಶಾಸನವೇ ಹೇಳುತ್ತೆ. ಮತ್ಸ್ಯೇಂದ್ರನಾಥನ (ಪಾಟನ್ನಿನ ಮಚ್ಛೀಂದ್ರನೇ) ಹೆಸರೂ ಅಲ್ಲಿದೆ, ಹನ್ನೆರಡು ವರ್ಷಕ್ಕೊಮ್ಮೆ ನಾಥ ಜೋಗಿಗಳ ಝುಂಡಿ, ಅಂದ್ರೆ ಗುಂಪು, ಮಹಾರಾಷ್ಟ್ರದ ತ್ರ್ಯಂಬಕದಿಂದ ನಡ್ಕೊಂಡು ಬಂದು ಕದ್ರಿ ಮಠಕ್ಕೆ ಹೊಸ ಅರಸನನ್ನ, ಅಂದ್ರೆ ಮಠಾಧಿಪತಿಯನ್ನ, ಕೂರಿಸ್ತಾರೆ. ಲೋಕೇಶ್ವರ ಮತ್ತು ಮಚ್ಛೀಂದ್ರ ಎರಡೂ ಹೆಸರು ಒಂದೇ ಜಾಗದಲ್ಲಿ ಇರೋದು ಪಾಟನ್, ಕದ್ರಿ ಎರಡು ಕಡೆನೂ ಇದೆ, ಅದನ್ನ ಬರಹದಲ್ಲಿ ಹೇಳೇ ಹೇಳ್ತೀನಿ.

ಸದ್ಯಕ್ಕೆ ನನ್ನ ಒಲವು ಹೀಗಿದೆ: ಗುಠಿ ಅಂತಲೇ ಇಟ್ಟು, ಮೊದಲ ಸಲ ಬಂದಾಗ ‘ನಮ್ಮ ಗೋಷ್ಠಿಯೇ ಅಲ್ಲಿ ಗುಠಿ, ದತ್ತಿ ಭೂಮಿ ಇರೋ, ಪಾಳಿ ಮೇಲೆ ನಡೆಯೋ ಮನೆಗಳ ಕೂಟ’ ಅಂತ ಒಂದು ವಾಕ್ಯ. ಆದ್ರೆ ಗೊಟ್ಟಿ ಅನ್ನೋ ತದ್ಭವವನ್ನೇ ಎಬ್ಬಿಸಿ ಬಳಸ್ಬಹುದಾ ಅನ್ನೋ ಆಸೆಯೂ ಇದೆ. ಹಳಗನ್ನಡ ಓದಿದೋರು ಹೇಳಿ, ಗೊಟ್ಟಿಗೆ ಹೊಣೆ, ಸರದಿ, ಸದಸ್ಯತ್ವದ ಅರ್ಥ ಶಾಸನಗಳಲ್ಲಿ ಎಲ್ಲಾದ್ರೂ ಕಂಡಿದ್ದೀರಾ? ಮೇಲುಕೋಟೆ ಕಡೆಯೋರು ಇದ್ರೆ, ನಿಮ್ಮಲ್ಲಿ ಗೋಷ್ಠಿಗೆ ಹೊಸಬರನ್ನ ಸೇರಿಸ್ಕೊಳ್ಳೋದಕ್ಕೆ, ಸರದಿ ತಪ್ಪಿಸಿದೋರಿಗೆ, ಗೋಷ್ಠಿಯ ಹಿರಿಯರಿಗೆ ಬೇರೆ ಬೇರೆ ಮಾತಿದ್ಯಾ, ಮನೇಲಿ ದೊಡ್ಡೋರು ಆಡೋ ಹಾಗೇ ಬರೆದು ಕಳ್ಸಿ.