ಮೈಸೂರು ವಿ.ವಿ. ಕ್ಯಾಂಪಸ್‌ಗಳ ಪಟ್ಟಿ: ‘ಸ್ಥಾಪನೆ’ ಕಾಲಂನಲ್ಲಿ ಯಾವ ವರ್ಷ ಹಾಕಲಿ?

ಪಟ್ಟಿಯಮ್ಮ:
ಎಲ್ಲರಿಗೂ ನಮಸ್ಕಾರ. ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಸುಮ್ನೆ ಕೂರಲಾರದೆ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸು, ಪಿ.ಜಿ. (ಸ್ನಾತಕೋತ್ತರ) ಸೆಂಟರ್‌ಗಳದ್ದೊಂದು ಪಟ್ಟಿ ಮಾಡುತ್ತಿದ್ದೇನೆ. ನಾಲ್ಕೇ ಕಾಲಂ: ಹೆಸರು, ಊರು, ಸ್ಥಾಪನೆ, ವಿ.ವಿ. ಮಾನಸಗಂಗೋತ್ರಿ, ಮೈಸೂರು, 1960 ಅಂತ ಮೊದಲ ಸಾಲು ಸಲೀಸಾಗಿ ಬಂತು. ಹೆಸರಿಟ್ಟವರು ಕುವೆಂಪು ಅಂತ ಪಕ್ಕದಲ್ಲೊಂದು ಟಿಪ್ಪಣಿಯನ್ನೂ ಹಾಕಿದೆ.

ಎಡವಿದ್ದು ಮಂಗಳಗಂಗೋತ್ರಿಯಲ್ಲಿ. ‘ಮಂಗಳೂರು ವಿ.ವಿ., 1980’ ಅಂತ ಬರೆದಿದ್ದೆ. ನಮ್ಮಣ್ಣ ನೋಡಿ ನಕ್ಕುಬಿಟ್ಟ. ಅವನು ಅಲ್ಲೇ ಎಂ.ಎ. ಓದಿದವನು, 1978ರಲ್ಲಿ ಮುಗಿಸಿದ. ಸರ್ಟಿಫಿಕೇಟಿನ ಮೇಲಿರುವುದು ಮೈಸೂರು ವಿ.ವಿ.ಯ ಗಂಡಭೇರುಂಡ. “ನಿನ್ನ ಪಟ್ಟಿ ಪ್ರಕಾರ ನಾನು ಎರಡು ವರ್ಷ ಬಯಲಲ್ಲಿ ಕೂತು ಬಂದೆನೇನೇ?” ಅಂದ. ಮಾತು ಸರಿಯೇ. ಮೈಸೂರಿನವರು ಮಂಗಳೂರಿನಲ್ಲಿ 1968ರಲ್ಲೇ ಪಿ.ಜಿ. ಸೆಂಟರ್ ತೆರೆದಿದ್ದರು. ಈಗ 1968 ಹಾಕಲೋ, 1980 ಹಾಕಲೋ?

ಹಳೇ ಸೆಂಟ್ರಲ್ ಹುಡುಗ:
ಮೇಡಂ, ಎರಡೂ ಹಾಕಿ. ‘ವಿ.ವಿ.’ ಅಂತ ಒಂದೇ ಕಾಲಂ ಇಟ್ಟಿದ್ದೀರಲ್ಲ, ತೊಂದರೆ ಇರುವುದೇ ಅಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನೇ ನೋಡಿ. ಶುರುವಾದದ್ದು 1858ರಲ್ಲಿ, ಹೈಸ್ಕೂಲಾಗಿ. ಆಮೇಲೆ ಮದ್ರಾಸ್ ವಿ.ವಿ.ಯ ಕೆಳಗಿತ್ತು. 1916ರಲ್ಲಿ ಮೈಸೂರು ವಿ.ವಿ. ಹುಟ್ಟಿದಾಗ ಮೈಸೂರಿನ ಮಹಾರಾಜ ಕಾಲೇಜಿನ ಜೊತೆ ಇದೂ ಸೇರಿತು. 1964ರಲ್ಲಿ ಬೆಂಗಳೂರು ವಿ.ವಿ.ಗೆ ಹೋಯಿತು. 2017ರಲ್ಲಿ ಬೆಂಗಳೂರು ವಿ.ವಿ. ಮೂರು ಭಾಗವಾದಾಗ ಬೆಂಗಳೂರು ಸೆಂಟ್ರಲ್ ವಿ.ವಿ. ಪಾಲಾಯಿತು. ಅದೂ ಆಮೇಲೆ ನಗರ ವಿ.ವಿ. ಅಂತ ಹೆಸರು ಬದಲಾಯಿಸಿಕೊಂಡಿತು. ಕಲ್ಲಿನ ಕಟ್ಟಡ ಕೂತಲ್ಲೇ ಕೂತಿದೆ, ಬೋರ್ಡ್ ಬರೆಯುವವನಿಗೆ ಮಾತ್ರ ಬಿಡುವಿಲ್ಲ!

ನಾನಾಗಿದ್ದರೆ ‘ಯಾವಾಗಿಂದ ಯಾರ ಕೈಯಲ್ಲಿ’ ಅಂತ ಒಂದು ಕಾಲಂ ಮಾಡುತ್ತಿದ್ದೆ.

ಬೆಣ್ಣೆದೋಸೆ:
ನಮ್ಮ ದಾವಣಗೆರೆಯದ್ದೂ ಇದೇ ಕಥೆ. 1979ರಲ್ಲಿ ಮೈಸೂರಿನ ಪಿ.ಜಿ. ಸೆಂಟರ್, 1987ರಿಂದ ಕುವೆಂಪು ವಿ.ವಿ., 2009ರಿಂದ ಸ್ವಂತ ವಿ.ವಿ. ಕ್ಯಾಂಪಸ್ ಹೆಸರು ಶಿವಗಂಗೋತ್ರಿ.

ಇನ್ನೊಂದು ವಿಷಯ. ‘ಗಂಗೋತ್ರಿ’ ಅಂತ ಹುಡುಕಿ ಪಟ್ಟಿ ಮಾಡಬೇಡಿ. ಶಂಕರಘಟ್ಟದ ಜ್ಞಾನಸಹ್ಯಾದ್ರಿ ಬಿಟ್ಟುಹೋಗುತ್ತದೆ. ಕುವೆಂಪು ವಿ.ವಿ. ಆಗುವ ಮೊದಲು ಅದೂ ಮೈಸೂರಿನ ಪಿ.ಜಿ. ಸೆಂಟರೇ. ಆ ಕಡೆಯವರು ಈಗಲೂ ‘ಬಿ.ಆರ್. ಪ್ರಾಜೆಕ್ಟ್’ (ಭದ್ರಾ ಅಣೆಕಟ್ಟಿನ ಯೋಜನೆಯ ಹೆಸರು) ಅಂತಲೇ ಹೇಳುವುದು.

ಪಟ್ಟಿಯಮ್ಮ:
ಅಯ್ಯೋ, ಹಾಗೇ ಹುಡುಕಿದ್ದೆ! ಅದಕ್ಕೇ ಮುಕ್ತಗಂಗೋತ್ರಿಯೂ ಪಟ್ಟಿಯೊಳಗೆ ಬಂದು ಕೂತಿದೆ. ಅದು ಮುಕ್ತ ವಿಶ್ವವಿದ್ಯಾನಿಲಯದ್ದಲ್ವಾ? ಅಳಿಸಿಬಿಡಲಾ?

ಹಳೇ ಸೆಂಟ್ರಲ್ ಹುಡುಗ:
ಅಳಿಸಬೇಡಿ, ಟಿಪ್ಪಣಿ ಹಾಕಿ. ಮುಕ್ತ ವಿ.ವಿ. ಆದದ್ದು 1996ರಲ್ಲಿ. ಅದಕ್ಕೆ ಮೊದಲು ಮೈಸೂರು ವಿ.ವಿ.ಯದೇ ಅಂಚೆ ಶಿಕ್ಷಣ ಸಂಸ್ಥೆ. ಆ ಕಾಲದಲ್ಲಿ ಅಂಚೆಯಲ್ಲಿ ಓದಿ ಪಾಸಾದವರ ಮಾರ್ಕ್ಸ್ ಕಾರ್ಡಿನಲ್ಲಿ ಇರುವುದು ಮೈಸೂರು ಹೆಸರೇ.

ಹೇಮಾವತಿ ದಂಡೆ:
ಹಾಸನದ ಹೇಮಗಂಗೋತ್ರಿ, ಚಾಮರಾಜನಗರದ ಸುವರ್ಣಗಂಗೋತ್ರಿ ಎರಡೂ 2023ರಿಂದ ಬೇರೆ ಬೇರೆ ವಿ.ವಿ. ಆದವು. ಆದರೆ ಆ ಎರಡು ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಒಂಬತ್ತು ಹೊಸ ವಿ.ವಿ.ಗಳನ್ನು ಮುಚ್ಚುವ ಮಾತು 2025ರಲ್ಲಿ ಸಂಪುಟ ಉಪಸಮಿತಿಯಿಂದಲೇ ಬಂದಿತ್ತು.

ಪಟ್ಟಿಯಮ್ಮ:
‘ಸ್ಥಾಪನೆ’ ಕಾಲಂ ಕಿತ್ತುಹಾಕಿದೆ. ಸಾಲು ಈಗ ಹೀಗಿದೆ:

ಮಂಗಳಗಂಗೋತ್ರಿ – ಪಿ.ಜಿ. ಸೆಂಟರ್ ಶುರು 1968, ಮೈಸೂರು ವಿ.ವಿ. – 1980ರಿಂದ ಮಂಗಳೂರು ವಿ.ವಿ.

ಅಣ್ಣನಿಗೆ ತೋರಿಸಿದೆ. ಈ ಸಲ ನಗಲಿಲ್ಲ, ಅಕ್ಷರ ಸಣ್ಣದಾಯಿತು ಅಂದ ಅಷ್ಟೇ.

ನಾಳೆ ಕೂರುವುದು ಮೈಸೂರಿನ ಓರಿಯಂಟಲ್ ಲೈಬ್ರರಿ ಸಾಲಿಗೆ. ಶುರುವಾದದ್ದು 1891ರಲ್ಲಿ, ವಿ.ವಿ.ಗಿಂತ 25 ವರ್ಷ ದೊಡ್ಡದು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ತಾಳೆಗರಿ ಸಿಕ್ಕಿದ್ದು ಅಲ್ಲೇ, ವಿದ್ವಾಂಸ ಶಾಮಾಶಾಸ್ತ್ರಿಗಳ ಕೈಗೆ. ಅದು ಕ್ಯಾಂಪಸ್ ಅಲ್ಲ ಅಂತ ಯಾರಾದರೂ ಜಗಳಕ್ಕೆ ಬರಬಹುದು. ಬರಲಿ. ಲೈಬ್ರರಿಯವಳು ಮಾಡಿದ ಪಟ್ಟಿ, ಅದಿಲ್ಲದೆ ಹೇಗೆ?