ಉಣ್ಣುವವರ ರೊಟ್ಟಿ ಎಣಿಸಬೇಕಾ? ದಾಸೋಹ ಮತ್ತು ಖಾನಾವಳಿ ಲೆಕ್ಕ

ಖಾನಾವಳಿ, ಹುಬ್ಬಳ್ಳಿ:

ನಮ್ಮದು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಲಿಂಗಾಯತ ಖಾನಾವಳಿ. ಅತ್ತೆ ಶುರು ಮಾಡಿದ್ದು, ಈಗ ನಾನು ನಡೆಸುತ್ತೇನೆ. ಊಟಕ್ಕೆ 100 ರೂಪಾಯಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಅನ್ನ ಸಾರು. ರೊಟ್ಟಿಗೆ ಮಾತ್ರ ಲೆಕ್ಕವಿಲ್ಲ. ಹಮಾಲಿ ಮಾಡಿ ಬಂದವರು ಆರೇಳು ರೊಟ್ಟಿ ಸಲೀಸಾಗಿ ತಿನ್ನುತ್ತಾರೆ. ದುಡ್ಡಿಲ್ಲ ಎಂದವರಿಗೂ ಅತ್ತೆ ತಾಟು ಹಾಕಿಸುತ್ತಾರೆ. "ಉಣ್ಣುವವರ ರೊಟ್ಟಿ ಎಣಿಸಬಾರದು, ಇದು ದಾಸೋಹ" ಅನ್ನುವುದು ಅವರ ಮಾತು. ಆ ಮಾತಿನ ಮೇಲೆ ನನಗೂ ನಂಬಿಕೆ ಇದೆ.

ಈಗ ಜೋಳ, ಎಣ್ಣೆ, ಗ್ಯಾಸ್ ಎಲ್ಲ ತುಟ್ಟಿ. ಲೆಕ್ಕ ಬರೆಯುವವರು ಎರಡು ದಾರಿ ಹೇಳಿದರು. ತಾಟಿಗೆ ಮೂರೇ ರೊಟ್ಟಿ ಕೊಟ್ಟು ಮೇಲಿನದಕ್ಕೆ ದುಡ್ಡು ತಗೊಳ್ಳುವುದು. ಇಲ್ಲವಾದರೆ ರೊಟ್ಟಿ ಬಡಿಯುವವರ ಕೂಲಿ ಇಳಿಸುವುದು. ನಮ್ಮ ಗಲ್ಲಾದ ಮೇಲೆ "ಕಾಯಕವೇ ಕೈಲಾಸ" ಎಂಬ ಬೋರ್ಡ್ ಇದೆ. ಅದರ ಕೆಳಗೆ ಕೂತು, ಬೆಳಗಿನಿಂದ ಒಲೆ ಮುಂದೆ ಬೇಯುವವರ ಕೂಲಿ ಕತ್ತರಿಸಲು ನನ್ನಿಂದ ಆಗಲ್ಲ. ಹಾಗಂತ ಕಟ್ಟಡದ ಬಾಡಿಗೆ ನಿಲ್ಲುವುದಿಲ್ಲವಲ್ಲ. ಧರ್ಮದ ಮಾತು ಹಿಡಿದು ವ್ಯಾಪಾರ ಮಾಡುವವರು ಇದನ್ನು ಹೇಗೆ ನಿಭಾಯಿಸುತ್ತೀರಿ?

ಕಿರಾಣಿ ಅಂಗಡಿ, ದಾವಣಗೆರೆ:

ಅಕ್ಕಾ, ಮಠದ ದಾಸೋಹವೇ ಬೇರೆ, ಅಂಗಡಿಯೇ ಬೇರೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ದಿನಾ ಉಣ್ಣುತ್ತಾರೆ. ಅದರ ಹಿಂದೆ ಧಾನ್ಯದ ಚೀಲ ತಂದು ಒಪ್ಪಿಸುವ ರೈತರಿದ್ದಾರೆ. ನಿಮಗೆ ಜೋಳ ಯಾರು ಸುಮ್ನೆ ತಂದುಕೊಡುತ್ತಾರೆ? ರೊಟ್ಟಿ ಎಣಿಸಿ, ಅದರಲ್ಲಿ ಪಾಪ ಏನಿಲ್ಲ. ತೂಕದಲ್ಲಿ ಮೋಸ ಮಾಡದೆ, ಬೆರಕೆ ಮಾಡದೆ ಮಾರುವುದೇ ನಮ್ಮಂಥವರ ಕಾಯಕ. ಅಂಗಡಿ ಮುಚ್ಚಿಹೋದರೆ ದಾಸೋಹ ಎಲ್ಲಿಂದ ಬಂತು?

ವಚನ ಓದುವವ, ಲಿಂಗಸುಗೂರು:

ದಾವಣಗೆರೆಯವರ ಕೊನೇ ಮಾತು ಒಪ್ಪುತ್ತೇನೆ. ಆದರೆ ಕಾಯಕ ಅಂದರೆ ಪ್ರಾಮಾಣಿಕವಾಗಿ ದುಡಿಯುವುದು ಅಷ್ಟೇ ಅಲ್ಲ. ಅದರಲ್ಲಿ ಗಳಿಕೆಗೆ ಒಂದು ಮಿತಿಯೂ ಇದೆ. ಇದನ್ನು ಬಿಟ್ಟು ಬರೀ ಬೋರ್ಡ್ ಹಾಕಿದರೆ, ಕೆಲಸದವರು ಬಾಯಿ ಮುಚ್ಚಿಕೊಂಡು ದುಡಿಯಲಿ ಎಂದು ಹೇಳಿದಂತಾಗುತ್ತದೆ. ಎಷ್ಟೋ ಕಡೆ ಹಾಗೇ ಆಗಿದೆ, ನನಗೆ ತುಂಬಾ ನೋವಾಗುವ ವಿಷಯ ಅದು.

ಆಯ್ದಕ್ಕಿ ಮಾರಯ್ಯ ನಮ್ಮ ತಾಲೂಕಿನ ಅಮರೇಶ್ವರದವರು. 12ನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಿಂದಲೇ ಗಂಡ ಹೆಂಡತಿ ದಾಸೋಹ ನಡೆಸುತ್ತಿದ್ದರು. ಒಮ್ಮೆ ಮಾರಯ್ಯ ದಿನದ್ದಕ್ಕಿಂತ ಜಾಸ್ತಿ ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬರಲು ಹೇಳಿದರು. ನೋಡಿ, ಅವರ ದಾಸೋಹದ ಅಕ್ಕಿ ಅವರದೇ ದುಡಿಮೆಯದು. ಬೇರೆಯವರ ಕೂಲಿ ಉಳಿಸಿ ಊಟ ಹಾಕಿದರೆ ಅದು ನಿಮ್ಮ ದಾಸೋಹ ಅಲ್ಲ, ಒಲೆ ಮುಂದಿನವರದು. ಅವರನ್ನು ಕೇಳದೆ ಅವರ ಕೈಯಿಂದ ಮಾಡಿಸಿದ ದಾನ.

ಹಾಗಾಗಿ ಮೊದಲು ಕೂಲಿ, ಆಮೇಲೆ ಬೇರೆ ಮಾತು. ಊಟದ ರೇಟು 10 ರೂಪಾಯಿ ಏರಿಸುವುದು ಎಣಿಸಿ ಬಡಿಸುವುದಕ್ಕಿಂತ ಮೇಲು. ಬೆವರು ಸುರಿಸಿ ಬಂದವನಿಗೆ ನಾಲ್ಕನೇ ರೊಟ್ಟಿ ಕೇಳಲು ಸಂಕೋಚ ಆಗಬಾರದು, ಅಲ್ವಾ? ಇನ್ನು ಲೆಕ್ಕ ಇಡಲು ಅತ್ತೆಯವರು ಬೇಡ ಅಂದರೆ, ಬಸವಣ್ಣನವರೇ ಬಿಜ್ಜಳನ ಭಂಡಾರ ನೋಡಿಕೊಂಡವರು ಎಂದು ಹೇಳಿ.

ಬಟ್ಟೆ ಅಂಗಡಿ, ವಿಜಯಪುರ:

ನಮ್ಮ ಮುಸ್ಲಿಮರಲ್ಲಿ ಜಕಾತ್ ಎಂಬ ಕಡ್ಡಾಯ ದಾನ ಇದೆ. ನಾನು ಪ್ರತಿ ರಂಜಾನ್‌ನಲ್ಲಿ ಲೆಕ್ಕಕ್ಕೆ ಕೂರುತ್ತೇನೆ. ಮಾರಲು ಇಟ್ಟ ಮಾಲು, ನಗದು, ಬರಬೇಕಾದ ಬಾಕಿ ಕೂಡಿಸಿ, ಕೊಡಬೇಕಾದ ಸಾಲ ಕಳೆಯುತ್ತೇನೆ. ಉಳಿದಿದ್ದರಲ್ಲಿ ನೂರಕ್ಕೆ ಎರಡೂವರೆ ರೂಪಾಯಿ ಬಡವರಿಗೆ. ಕಪಾಟು, ಹೊಲಿಗೆ ಮಷಿನ್ ಇದರಲ್ಲಿ ಸೇರುವುದಿಲ್ಲ. ದುಡಿಯುವ ಸಾಮಾನು ಉಳಿಯಬೇಕಲ್ಲ. ಕೊಡುವುದು ಮನಸ್ಸಿಗೆ ಬಂದಷ್ಟಲ್ಲ, ಲೆಕ್ಕದ ಪ್ರಕಾರ. ಅದಕ್ಕೇ ವ್ಯಾಪಾರ ಕಡಿಮೆಯಾದ ವರ್ಷವೂ ಅದು ನಿಂತಿಲ್ಲ. ನೀವೂ ದುಡ್ಡಿಲ್ಲದವರ ಊಟಕ್ಕೆ ಪುಸ್ತಕದಲ್ಲಿ ಬೇರೆ ಕಾಲಂ ಹಾಕಿ ನೋಡಿ ಅಕ್ಕಾ. ನಷ್ಟ ನಿಜವಾಗಿ ಎಲ್ಲಿದೆ ಎಂದು ತಿಳಿಯುತ್ತದೆ.

ಖಾನಾವಳಿ, ಹುಬ್ಬಳ್ಳಿ:

ಎಲ್ಲರಿಗೂ ಶರಣು. ಲಕ್ಕಮ್ಮನ ಕಥೆ ಅತ್ತೆಗೆ ಗೊತ್ತೇ ಇತ್ತು, ಕೂಲಿಯ ಮಾತಿಗೆ ತಕ್ಷಣ ತಲೆಯಾಡಿಸಿದರು. ಮುಂದಿನ ತಿಂಗಳಿನಿಂದ ಊಟ 110 ರೂಪಾಯಿ. ರೊಟ್ಟಿ ಎಣಿಸುವುದಿಲ್ಲ, ಕೂಲಿಯೂ ಇಳಿಯುವುದಿಲ್ಲ. ದಾಸೋಹದ ಕಾಲಂ ಇವತ್ತೇ ಗೆರೆ ಎಳೆದಿದ್ದೇನೆ. ಬಂದವರ ಹೆಸರು ಮಾತ್ರ ಬರೆಯಬೇಡ, ತಾಟಿಗೊಂದು ಗೀಟು ಹಾಕು ಸಾಕು ಅಂದರು ಅತ್ತೆ.

ವಿಜಯಪುರದ ಅಣ್ಣಾ, ಇನ್ನೊಂದು ಮಾತು. ತಿಂಗಳ ಊಟದವರ ಹಳೇ ಬಾಕಿ ಜಾಸ್ತಿ ಇದೆ, ಕೆಲವರದು ಬರುವ ಹಾಗೆ ಕಾಣುವುದಿಲ್ಲ. ಅಂಥ ಬಾಕಿಯನ್ನು ನೀವು ಲೆಕ್ಕದಲ್ಲಿ ಹಿಡಿಯುತ್ತೀರಾ, ಬಿಡುತ್ತೀರಾ?